ಕುದುರೆಗೆ ಕಾಲುಪಟ್ಟಿಯ ಅಭ್ಯಾಸ



"ಕುದುರೆ ಕಂಡರೆ ಕಾಲುನೋವು" ಎಂಬ ಗಾದೆಯನ್ನು ತಾವೆಲ್ಲರೂ ಕೇಳಿರುವಿರಿ. ದಾರಿ ನಡೆಯುವವನಿಗೆ ಕುದುರೆಯೊಂದು ಕಣ್ಣಿಗೆ ಬಿದ್ದೊಡನೆ, ಅದುವರೆಗೆ ಇಲ್ಲದಿದ್ದ ಕಾಲುನೋವು ಬಂದುಬಿಡುತ್ತದೆ. ಗಾದೆಯನ್ನು ಕಟ್ಟಿದ ಹಿರಿಯರು ಮನುಷ್ಯನ ಕಾಲನ್ನು ಕುರಿತು ಯೋಚಿಸಿದರೇ ಹೊರತು ಕುದುರೆಯ ಕಾಲನ್ನು ಕುರಿತು ಯೋಚಿಸಿದಂತೆ ತೋರುವುದಿಲ್ಲ. ಈ ಸಂಜೆ ನನಗೆ ದೊರೆತಿರುವ ಸ್ವಲ್ಪ ಹೊತ್ತಿನಲ್ಲಿ ಆ ಮೂಕಪ್ರಾಣಿಯ ಕಾಲನ್ನೂ, ಅದರ ರಕ್ಷಣೆಗೆಂದು ಸುತ್ತುವ ಪಟ್ಟಿಯನ್ನೂ, ಆ ಪಟ್ಟಿಯನ್ನು ಅದು ಹೆದರದೆ ಧರಿಸುವಂತೆ ಅಭ್ಯಾಸಮಾಡಿಸುವ ಕ್ರಮವನ್ನೂ ಕುರಿತು ಕೆಲವು ಮಾತುಗಳನ್ನು ಅರಿಕೆಮಾಡುತ್ತೇನೆ.

ನಗರವಾಸಿಗಳಾದ ನಮಗೆ ಕುದುರೆಯ ಪರಿಚಯವು ಬಹುಮಟ್ಟಿಗೆ ಅದರ ವೈಭವದ ಪರಿಚಯ. ದಸರೆಯ ಮೆರವಣಿಗೆಯಲ್ಲಿ ಸಾಲುಗಟ್ಟಿ ಬರುವ ಸವಾರರನ್ನು ನೋಡಿ ಕಣ್ತಣಿಯುತ್ತೇವೆ. 1918ನೆಯ ಇಸವಿ ಸೆಪ್ಟೆಂಬರ್ 23ರಂದು ದೂರದ ಹೈಫಾ ನಗರವನ್ನು ಹಿಡಿದ ಕಾಳಗದಲ್ಲಿ ಜೋಧಪುರದ ಸವಾರರೊಡನೆ ಮೈಸೂರಿನ ಸವಾರರೂ ಇದ್ದರೆಂದು ಹೆಮ್ಮೆಪಡುತ್ತೇವೆ. ಆದರೆ ಆ ವೈಭವವನ್ನೆಲ್ಲ ಹೊತ್ತು ನಿಂತಿರುವುದು ನಾಲ್ಕು ತೆಳ್ಳನೆಯ ಕಾಲುಗಳೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ.

ಕುದುರೆಯ ಮುಂಗಾಲಿನ ನಡುವೆ ನಾವು ಮಂಡಿಯೆಂದು ಕರೆಯುವ ಗಿಣ್ಣು ವಾಸ್ತವವಾಗಿ ನಮ್ಮ ಮಣಿಕಟ್ಟಿಗೆ ಸಮನಾದದ್ದು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ದೊಡ್ಡ ಗಿಣ್ಣು ನಮ್ಮ ಹಿಮ್ಮಡಿಗೆ ಸಮನಾದದ್ದು. ಕಾಲಿನ ತುದಿಯಲ್ಲಿರುವುದು ಒಂದೇ ಒಂದು ಬೆರಳು. ಗೊರಸು ಆ ಬೆರಳಿನ ಉಗುರು. ಎಂದರೆ ಸುಮಾರು 500 ಕಿಲೋಗ್ರಾಂ ತೂಕದ ಪ್ರಾಣಿಯೊಂದು ಒಂದೊಂದು ಕಾಲಿಗೆ ಒಂದೊಂದು ಬೆರಳಿನ ತುದಿಯಮೇಲೆ ನಿಂತಿದೆ. ನಾಗಾಲೋಟದಲ್ಲಿ ಮುಂಗಾಲೊಂದು ನೆಲವನ್ನು ತುಳಿಯುವ ಗಳಿಗೆಯಲ್ಲಿ ಅದರ ಮೇಲೆ ಬೀಳುವ ಭಾರವು ಮೈತೂಕದ ಎರಡೂವರೆಯಷ್ಟಾಗುತ್ತದೆ. ಮಂಡಿಯಿಂದ ಕೆಳಕ್ಕೆ ಈ ಕಾಲಿನಲ್ಲಿ ಮಾಂಸಖಂಡವೇ ಇಲ್ಲವೆನ್ನಬಹುದು. ಮುಂದೆ ಎಲುಬು, ಹಿಂದೆ ಹುರಿಹಗ್ಗದಂತಹ ಸ್ನಾಯುರಜ್ಜುಗಳು, ಮೇಲೆ ತೆಳುವಾದ ಚರ್ಮ. ಪೆಟ್ಟು ಬಿದ್ದರೆ ತಡೆದುಕೊಳ್ಳಲು ಮೆತ್ತೆಯಿಲ್ಲ. ರಜ್ಜು ಒಮ್ಮೆ ಹರಿದರೆ ಅದು ಕೂಡುವುದು ತಿಂಗಳುಗಟ್ಟಲೆಯ ಮಾತು. ಕೂಡಿದಮೇಲೂ ಮೊದಲಿನ ಬಲವು ಮರಳುವುದು ಕಷ್ಟ.

ಪೆಟ್ಟು ಹೊರಗಿನಿಂದಲೇ ಬರಬೇಕೆಂದಿಲ್ಲ. ಕೆಲವು ಕುದುರೆಗಳು ನಡೆಯುವಾಗ ಒಂದು ಕಾಲಿನ ಲಾಳವು ಪಕ್ಕದ ಕಾಲಿನ ಒಳಮೈಗೆ ಉಜ್ಜುತ್ತದೆ. ಇನ್ನು ಕೆಲವಕ್ಕೆ ಓಟದಲ್ಲಿ ಹಿಂಗಾಲಿನ ಗೊರಸು ಮುಂದೆ ಬಂದು ಮುಂಗಾಲಿನ ಹಿಮ್ಮಡಿಯನ್ನು ತಿವಿಯುತ್ತದೆ. ಪೋಲೋ ಆಟದಲ್ಲಂತೂ ಚೆಂಡು, ಕೋಲು, ಎದುರಾಳಿಯ ಕುದುರೆಯ ಗೊರಸು ಈ ಮೂರರ ಹೊಡೆತವೂ ಉಂಟು. ಕುದುರೆಯಮೇಲೆ ಕುಳಿತು ಚೆಂಡಾಡುವ ವಿನೋದವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೇ ಅದರ ಪ್ರಸ್ತಾವವಿದೆ. ಈ ಪೆಟ್ಟುಗಳಿಂದ ಕಾಲನ್ನು ಕಾಪಾಡುವುದಕ್ಕಾಗಿ ಮಂಡಿಯ ಕೆಳಗಿನಿಂದ ಗೊರಸಿನ ಮೇಲಣ ಗಿಣ್ಣಿನವರೆಗೆ ಮೆತ್ತನೆಯ ಉಣ್ಣೆಯ ಪಟ್ಟಿಯನ್ನು ಸುತ್ತುವುದುಂಟು. ಇದು ಸುಮಾರು 9 ಅಡಿ ಉದ್ದವಾಗಿ, ನಾಲ್ಕೈದು ಅಂಗುಲ ಅಗಲವಾಗಿರುತ್ತದೆ. ಹಿಂದಿನ ಕಾಲದ ಪೊಲೀಸಿನವರೂ ಸಿಪಾಯಿಗಳೂ ಮೊಣಕಾಲಿನವರೆಗೆ ಸುತ್ತಿಕೊಳ್ಳುತ್ತಿದ್ದ ಪಟ್ಟಿಯನ್ನು ಹಿರಿಯರು ಬಲ್ಲಿರಿ. ಇಂಗ್ಲಿಷರು ಆ ಉಡುಪಿನೊಡನೆ ನಮ್ಮ ದೇಶದ 'ಪಟ್ಟಿ' ಎಂಬ ಹೆಸರನ್ನೂ ತಮ್ಮ ಭಾಷೆಗೆ ಕೊಂಡೊಯ್ದರು. ಕುದುರೆಯ ಪಟ್ಟಿಯೂ ನೋಟಕ್ಕೆ ಅದರ ಒಡಹುಟ್ಟಿನಂತೆಯೇ ಇದೆ. ಚರ್ಮದಲ್ಲಿಯೋ ರಬ್ಬರಿನಲ್ಲಿಯೋ ಮಾಡಿದ ಕಾಲುಗವಸುಗಳು ಈಗ ಹೆಚ್ಚು ಬಳಕೆಗೆ ಬಂದಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಬಾರದು. ಪಟ್ಟಿಯು ಉಜ್ಜುವುದನ್ನೂ ಸಣ್ಣಪುಟ್ಟ ಪೆಟ್ಟನ್ನೂ ತಡೆಯುತ್ತದೆ. ಅದು ರಜ್ಜುವಿಗೆ ಊರುಗೋಲಾಗಿ ನಿಂತು ಭಾರವನ್ನು ಹೊರುತ್ತದೆಂಬ ನಂಬಿಕೆಯಿದ್ದರೆ ಅದನ್ನು ಬಿಟ್ಟುಬಿಡತಕ್ಕದ್ದು. ಮೈತೂಕದ ಎರಡೂವರೆಯಷ್ಟು ಭಾರವನ್ನು ಒಂದು ಬಟ್ಟೆಯ ತುಂಡು ಹೇಗೆ ತಡೆದೀತು? ಮೇಲಾಗಿ, ನಾಗಾಲೋಟದಲ್ಲಿ ರಜ್ಜುವಿನ ಒಳಗಿನ ಶಾಖವು 45 ಡಿಗ್ರಿಯವರೆಗೂ ಏರಬಹುದೆಂದು 1994ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಪಟ್ಟಿಯು ಆ ಶಾಖವನ್ನು ಹೊರಗೆ ಹೋಗಗೊಡದು. ಆದಕಾರಣ ನಮ್ಮಂತಹ ಸೆಕೆಯ ದೇಶದಲ್ಲಿ ಕೆಲಸ ಮುಗಿದ ಕೂಡಲೇ ಪಟ್ಟಿಯನ್ನು ಬಿಚ್ಚಿ, ಕಾಲಿಗೆ ತಣ್ಣೀರು ಹೊಯ್ಯತಕ್ಕದ್ದು ಅವಶ್ಯಕ. ಅಂದಕ್ಕಾಗಿ ಹೊತ್ತುಗಟ್ಟಲೆ ಕಟ್ಟಿಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಇನ್ನು ಕುದುರೆಯ ಮನಸ್ಸಿನ ಕಡೆಗೆ ತಿರುಗೋಣ. ಹುಲಿಗೆ ಪಂಜವುಂಟು, ಗೂಳಿಗೆ ಕೊಂಬುಂಟು. ಕುದುರೆಗೆ ದೇವರು ಕೊಟ್ಟಿರುವ ಮುಖ್ಯವಾದ ರಕ್ಷಣೆ ಓಟ. ಬಯಲಿನಲ್ಲಿ ಹುಟ್ಟಿದ ಈ ಪ್ರಾಣಿಯು ಲಕ್ಷಾಂತರ ವರ್ಷ ಬದುಕಿದ್ದು ಮೊದಲು ಓಡಿ, ಆಮೇಲೆ ಯೋಚಿಸುವುದರಿಂದ. ಅಂತಹ ಪ್ರಾಣಿಯ ಕಾಲನ್ನು ಹಿಡಿಯುವುದೆಂದರೆ ಅದರ ಪ್ರಾಣವನ್ನೇ ಹಿಡಿದಂತೆ. ಕಾಲಿಗೆ ಏನೋ ಸುತ್ತಿಕೊಂಡಿತೆಂದರೆ ಬಳ್ಳಿಯೋ ಬಲೆಯೋ ಹಾವೋ ಎಂದು ಅದರ ರಕ್ತವೇ ಕೂಗಿ ಹೇಳುತ್ತದೆ. ನಾವು ರಕ್ಷಣೆಯೆಂದು ತಂದದ್ದು ಅದಕ್ಕೆ ಬಂಧನವಾಗಿ ತೋರುತ್ತದೆ. ಈ ಅಂತರವನ್ನು ಅರಿಯದವನು ಎಷ್ಟು ಅಂದವಾಗಿ ಪಟ್ಟಿ ಸುತ್ತಿದರೂ ಪ್ರಯೋಜನವಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ; ನನ್ನ ತಪ್ಪಿನಿಂದ ಕಲಿತೆ. ಆ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ನನ್ನ ಹರೆಯದಲ್ಲಿ ಒಂದು ಲಾಯದಲ್ಲಿ ಸವಾರಿ ಕಲಿಯುತ್ತಿದ್ದೆ. ಅಲ್ಲಿ ಐದು ವರ್ಷದ ಕಂದುಬಣ್ಣದ ಹೆಣ್ಣುಗುದುರೆಯೊಂದಿತ್ತು. ಸಾಧುಪ್ರಾಣಿ, ಆದರೆ ಅದರ ಕಾಲಿಗೆ ಅದುವರೆಗೆ ಪಟ್ಟಿ ಕಟ್ಟಿರಲಿಲ್ಲ. ಒಂದು ಪ್ರದರ್ಶನದ ದಿವಸ ಎಲ್ಲ ಕುದುರೆಗಳೂ ಬಿಳಿಯ ಪಟ್ಟಿಯಲ್ಲಿ ಸಾಲಾಗಿ ನಿಲ್ಲಬೇಕೆಂದು ಅಪ್ಪಣೆಯಾಯಿತು. ಅದನ್ನು ಸಾಕುತ್ತಿದ್ದ ಮುದುಕ ಸಯೀಸನು ಎರಡು ದಿನದ ರಜೆಯಮೇಲೆ ಊರಿಗೆ ಹೋಗಿದ್ದ. ನಾನಿದ್ದೇನೆಂದು ಮುಂದೆ ಬಂದೆ. ಗೂಟಕ್ಕೆ ಬಿಗಿಯಾಗಿ ಕಟ್ಟಿ, ಹತ್ತು ನಿಮಿಷದಲ್ಲಿ ನಾಲ್ಕು ಕಾಲಿಗೂ ಪಟ್ಟಿ ಸುತ್ತಿದೆ. ಕುದುರೆ ಅಲುಗಲಿಲ್ಲ, ಶಿಲೆಯಂತೆ ನಿಂತಿತ್ತು. ಎಷ್ಟು ವಿಧೇಯವಾಗಿದೆಯೆಂದು ಸುತ್ತಲಿನವರಿಗೆ ಹೇಳಿ ಬೀಗಿದೆ. ಅದರ ತುಟಿ ಬಿಗಿದಿದ್ದುದನ್ನೂ, ಕಣ್ಣಿನ ಬಿಳಿ ಕಾಣುತ್ತಿದ್ದುದನ್ನೂ, ಉಸಿರು ಹಿಡಿದು ನಿಂತಿದ್ದುದನ್ನೂ ನೋಡುವ ಕಣ್ಣು ನನಗೆ ಆಗ ಇರಲಿಲ್ಲ. ಅದು ವಿಧೇಯತೆಯಲ್ಲ, ಭಯದ ಕಡೆಯ ಮೆಟ್ಟಲು.

ಹಗ್ಗ ಬಿಚ್ಚಿ ಒಂದು ಹೆಜ್ಜೆ ನಡೆಸಿದೆ. ಹಿಂಗಾಲು ಸರ್ರನೆ ಹೊಟ್ಟೆಯವರೆಗೆ ಎದ್ದಿತು. ಎರಡನೆಯ ಹೆಜ್ಜೆಗೆ ಝಾಡಿಸಿ ಒದೆಯಿತು. ಆ ಒದೆತಕ್ಕೆ ಒಂದು ಪಟ್ಟಿಯ ಗಂಟು ಕಳಚಿ, ಒಂಬತ್ತು ಅಡಿಯ ಬಿಳಿಯ ಬಟ್ಟೆ ಹಿಂದೆ ಹರಿದಾಡತೊಡಗಿತು. ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಕೊಡುತ್ತಾರೆ. ದೀಪ ತಂದರೆ ಆ ಭ್ರಮೆ ಹರಿಯುತ್ತದೆ. ಈ ಕುದುರೆಯ ಹಾವು ಹಾಡುಹಗಲಿನಲ್ಲಿಯೇ ಅಟ್ಟಿಸಿಕೊಂಡು ಬರುತ್ತಿತ್ತು. ಅದು ಓಡಿದಷ್ಟೂ ಹಾವೂ ಓಡಿತು. ನನ್ನ ಕೈಯಿಂದ ಹಗ್ಗ ಜಾರಿತು. ಕುದುರೆಯು ಬಾಗಿಲು ದಾಟಿ, ಕಲ್ಲುಹಾಸಿದ ರಸ್ತೆಯಲ್ಲಿ ಜಾರಿ ಎರಡು ಮಂಡಿಯಮೇಲೂ ಬಿದ್ದಿತು. ಚರ್ಮ ಕಿತ್ತುಹೋಗಿ ಎಲುಬು ಕಾಣುತ್ತಿತ್ತು. ಕಾಲನ್ನು ಕಾಪಾಡಬೇಕೆಂದು ಕಟ್ಟಿದ ಪಟ್ಟಿಯೇ ಕಾಲನ್ನು ಮುರಿಯುವುದರಲ್ಲಿತ್ತು.

ಅದಕ್ಕಿಂತ ಹೆಚ್ಚಿನ ಕಷ್ಟವು ಆಮೇಲೆ ಬಂದಿತು. ಗಾಯಕ್ಕೆ ಔಷಧ ಹಚ್ಚಿ ಬಟ್ಟೆ ಕಟ್ಟಬೇಕು, ಕಟ್ಟಗೊಡುವುದಿಲ್ಲ. ಲಾಳ ಬದಲಾಯಿಸಬೇಕು, ಮಂಡಿಯ ಕೆಳಗೆ ಕೈ ಇಟ್ಟರೆ ಎದ್ದು ನಿಲ್ಲುತ್ತದೆ. ಗೊರಸು ಮುಟ್ಟಗೊಡದ ಕುದುರೆಯನ್ನು ಯಾವ ಲಾಯವೂ ಬಹುಕಾಲ ಸಾಕುವುದಿಲ್ಲ. ಅದನ್ನು ಬಂದಷ್ಟಕ್ಕೆ ಮಾರಿಬಿಡುವ ಮಾತು ನಡೆಯಿತು. ಊರಿನಿಂದ ಬಂದ ಸಯೀಸನು ಕುದುರೆಯನ್ನೂ ನನ್ನನ್ನೂ ನೋಡಿ, "ಕಾಲನ್ನ ಕೇಳಿದಿರಿ ಸ್ವಾಮಿ, ಕುದುರೇನ ಕೇಳಲಿಲ್ಲ" ಎಂದ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಾರುವುದಕ್ಕೆ ಎರಡು ತಿಂಗಳ ತಡೆ ಬೇಡಿ, ಆ ಕುದುರೆಯ ಭಯವನ್ನು ಕಳೆಯಲು ಅವನು ಕುಳಿತ. ನಾನು ಪ್ರತಿದಿನವೂ ಹೋಗಿ ಅವನ ಕೈಯನ್ನು ನೋಡುತ್ತಿದ್ದೆ. ಈಗ ಹೇಳುವ ಕ್ರಮವು ಅವನದು.

ಮೊದಲನೆಯದು, ಸ್ಥಳ. ಕುದುರೆಗೆ ಪರಿಚಿತವಾದ, ಜಾರದ ಸಮನೆಲ. ಕಣ್ಣಳತೆಯಲ್ಲಿ ಶಾಂತಸ್ವಭಾವದ ಇನ್ನೊಂದು ಕುದುರೆ. ಅವನು ಕುದುರೆಯನ್ನು ಗೂಟಕ್ಕೆ ಕಟ್ಟುತ್ತಿರಲಿಲ್ಲ. ಒಬ್ಬ ಹುಡುಗನು ಹಗ್ಗವನ್ನು ಸಡಿಲವಾಗಿ ಹಿಡಿದು, ಸಯೀಸನಿದ್ದ ಪಕ್ಕದಲ್ಲಿಯೇ ನಿಲ್ಲುತ್ತಿದ್ದ. ಓಡಲು ದಾರಿಯಿದೆಯೆಂದು ತಿಳಿದ ಕುದುರೆ ನಿಲ್ಲುತ್ತದೆ. ದಾರಿಯಿಲ್ಲವೆಂದು ತಿಳಿದದ್ದು ಹೋರಾಡುತ್ತದೆ. ಕಾಲಿನ ಬಳಿ ಅವನು ಎಂದೂ ಮಂಡಿಯೂರಿ ಕೂರಲಿಲ್ಲ. ಪಕ್ಕದಲ್ಲಿ ಬಾಗಿ, ಯಾವ ಗಳಿಗೆಯಲ್ಲಾದರೂ ಹಿಂದೆ ಸರಿಯುವಂತೆ ನಿಲ್ಲುತ್ತಿದ್ದ.

ಎರಡನೆಯದು, ಕೈ. ಮೊದಲ ನಾಲ್ಕಾರು ದಿನ ಪಟ್ಟಿಯ ಸುದ್ದಿಯೇ ಇಲ್ಲ. ಜೂಲು ಮುಗಿಯುವೆಡೆಯಲ್ಲಿ, ಹೆಗಲ ಮೇಲೆ, ಚೆನ್ನಾಗಿ ಕೆರೆಯುವನು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗವದು. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತವು ಇಳಿಯುವುದೆಂದು ಫ್ರಾನ್ಸಿನ ಕುದುರೆಗಳಮೇಲೆ ನಡೆಸಿದ ಪರೀಕ್ಷೆಯೊಂದು 1993ರಲ್ಲಿ ಪ್ರಕಟವಾಯಿತು. ಸಯೀಸನು ಅದನ್ನು ಬೆರಳತುದಿಯಿಂದಲೇ ಬಲ್ಲವನಾಗಿದ್ದ. ಅಲ್ಲಿಂದ ಕೈಯು ಭುಜಕ್ಕೆ, ಭುಜದಿಂದ ಮೇಲ್ಗಾಲಿಗೆ ಇಳಿಯುವುದು. ಎಲ್ಲಿ ಚರ್ಮವು ನಡುಗಿತೋ ಅಲ್ಲಿ ನಿಲ್ಲುವುದು. ಕುದುರೆಯು ಒಂದು ನಿಟ್ಟುಸಿರು ಬಿಟ್ಟು ತಲೆ ತಗ್ಗಿಸಿದೊಡನೆ ಕೈಯನ್ನು ತೆಗೆದುಬಿಡುವುದು. ಇಡೀ ವಿದ್ಯೆಯ ಗುಟ್ಟು ಇಲ್ಲಿದೆ. ಕುದುರೆ ಕೊಸರಿದಾಗ ಕೈ ತೆಗೆದರೆ, ಕೊಸರಿದರೆ ಬಿಡುಗಡೆಯೆಂದು ಅದು ಕಲಿಯುತ್ತದೆ. ಶಾಂತವಾದಾಗ ತೆಗೆದರೆ, ಶಾಂತಿಯೇ ಬಿಡುಗಡೆಯ ದಾರಿಯೆಂದು ಕಲಿಯುತ್ತದೆ. ಎರಡು ಪಾಠಗಳಿಗೂ ಇರುವ ಅಂತರ ಒಂದು ಕ್ಷಣ ಮಾತ್ರ. ಅದು ಕೊಸರುವ ಮೊದಲೇ ಕೈ ಹಿಂತೆಗೆಯಬಲ್ಲವನು ಇನ್ನೂ ಜಾಣ.

ಮೂರನೆಯದು, ಬಟ್ಟೆ. ಹಳೆಯ ಕಂಬಳಿಯ ಮೊಳದುದ್ದದ ತುಂಡೊಂದನ್ನು ಮೊದಲು ಮೂಸಲು ಕೊಟ್ಟ. ಅದರಲ್ಲಿಯೇ ಹೆಗಲನ್ನು ಉಜ್ಜಿದ. ಆಮೇಲೆ ಕೈ ಇಳಿದ ದಾರಿಯಲ್ಲಿಯೇ ಕಂಬಳಿಯೂ ಇಳಿಯಿತು. ಎಡಗಡೆಯಲ್ಲಿ ಕಲಿಸಿದ್ದನ್ನು ಬಲಗಡೆಯಲ್ಲಿ ಮೊದಲಿನಿಂದ ಕಲಿಸಿದ. ಕುದುರೆಗೆ ಒಂದು ಪಕ್ಕದಿಂದ ಪರಿಚಿತವಾದದ್ದು ಇನ್ನೊಂದು ಪಕ್ಕದಿಂದ ಹೊಸದಾಗಿ ತೋರುವುದುಂಟು. ಅಂಟುಪಟ್ಟಿಯಿರುವ ಈಚಿನ ಕಾಲುಗವಸುಗಳನ್ನು ಉಪಯೋಗಿಸುವವರು ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ಅದನ್ನು ಕೀಳುವಾಗ ಬರುವ 'ಚರ್ರ್' ಎಂಬ ಸದ್ದು ಕುದುರೆಯನ್ನು ಬೆಚ್ಚಿಸುತ್ತದೆ. ಆ ಸದ್ದನ್ನು ಮೊದಲು ದೂರದಲ್ಲಿ, ಹುರುಳಿ ತಿನ್ನುವ ಹೊತ್ತಿನಲ್ಲಿ ಕೇಳಿಸಿ, ಕ್ರಮವಾಗಿ ಹತ್ತಿರ ತರಬೇಕು.

ನಾಲ್ಕನೆಯದು, ಸುತ್ತು. ಮುಂಗಾಲಿಗೆ ಒಂದೇ ಸುತ್ತು ಸುತ್ತಿ, ತುದಿಗಳನ್ನು ಕೈಯಲ್ಲಿಯೇ ಹಿಡಿದು, ಒಡನೆಯೇ ಬಿಚ್ಚುವುದು. ಮರುದಿನ ಎರಡು ಸುತ್ತು. ಗಂಟು ಹಾಕಿದ್ದು ಹದಿನೈದು ದಿನ ಕಳೆದಮೇಲೆ. ಒಂದು ಕಾಲು, ಆಮೇಲೆ ಎರಡು ಮುಂಗಾಲು, ಎಲ್ಲಕ್ಕೂ ಕಡೆಗೆ ಹಿಂಗಾಲು. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಪಾಠವಿಲ್ಲ. ಸಮಾಧಾನದಲ್ಲಿರುವಾಗಲೇ ಪಾಠ ಮುಗಿಯಬೇಕು. ಹಿಂಗಾಲಿನ ಪಟ್ಟಿಯೊಡನೆ ಮೊದಲ ಸಲ ನಡೆಸಿದಾಗ ಕುದುರೆಯು ಮೊಣಕಾಲುದ್ದ ನೀರಿನಲ್ಲಿ ನಡೆಯುವಂತೆ ಕಾಲನ್ನು ಎತ್ತೆತ್ತಿ ಇಡುತ್ತದೆ. ಹುಡುಗ ನಕ್ಕ, ಸಯೀಸ ನಗಲಿಲ್ಲ, ಗದರಲೂ ಇಲ್ಲ. ಮೆಲ್ಲನೆ ಮುಂದೆ ನಡೆಸುತ್ತ ಹೋದ. ಏಳೆಂಟು ಸುತ್ತಿನಲ್ಲಿ ಕಾಲು ತಾನೇ ತಗ್ಗಿತು. ನಡಿಗೆಯಾದಮೇಲೆ ಕುಕ್ಕುಲೋಟ, ಅದೂ ಆದಮೇಲೆ, ಮತ್ತೊಂದು ದಿನ, ಸವಾರ.

ಸುತ್ತುವ ರೀತಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಕಾಲೂ ಪಟ್ಟಿಯೂ ಶುಚಿಯಾಗಿ ಒಣಗಿರಬೇಕು. ಒಂದು ಹುಲ್ಲುಕಡ್ಡಿ ಒಳಗೆ ಸಿಕ್ಕಿದರೂ ಹುಣ್ಣಾಗುತ್ತದೆ. ಪಟ್ಟಿಯು ಮುಂದಿನಿಂದ ಹೊರಮಗ್ಗುಲಾಗಿ ಹಿಂದಕ್ಕೆ ಹೋಗಬೇಕು. ಪ್ರತಿಯೊಂದು ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಎಳೆತವು ಮುಂದಿನ ಎಲುಬಿನಮೇಲೆ ಬೀಳಬೇಕೇ ಹೊರತು ಹಿಂದಿನ ರಜ್ಜುವಿನಮೇಲೆ ಬೀಳಕೂಡದು. ಬಿಗಿತವು ಉದ್ದಕ್ಕೂ ಒಂದೇ ಸಮನಾಗಿದ್ದು, ಒಂದು ಬೆರಳು ತೂರುವಷ್ಟು ಸಡಿಲವಿರಬೇಕು. ಗಂಟು ಹೊರಮಗ್ಗುಲಿನಲ್ಲಿರಬೇಕು. ಬಿಗಿ ಹೆಚ್ಚಾದರೆ ರಜ್ಜು ನಲುಗುತ್ತದೆ. ಸಡಿಲವಾದರೆ ಪಟ್ಟಿ ಜಾರಿ, ನಾನು ಕಂಡ ಅನರ್ಥವಾಗುತ್ತದೆ. ಬಿಚ್ಚಿದಮೇಲೆ ಕಾಲನ್ನು ಅಂಗೈಯಿಂದ ಸವರಿ, ಬಿಸಿಯೋ ಬಾವೋ ಇದೆಯೇ ಎಂದು ನೋಡದೆ ಲಾಯಕ್ಕೆ ಬಿಡಬಾರದು.

ಸಯೀಸನ ಈ ಕ್ರಮಕ್ಕೆ ಇಂದಿನ ವಿದ್ವಾಂಸರು ಶಾಸ್ತ್ರೀಯವಾದ ಹೆಸರುಗಳನ್ನಿಟ್ಟಿದ್ದಾರೆ. ಹೆದರಿಕೆಯ ವಸ್ತುವನ್ನು ಹೆದರಿಕೆ ಹುಟ್ಟದಷ್ಟು ಅಲ್ಪಪ್ರಮಾಣದಲ್ಲಿ ತೋರಿಸಿ, ಮೆಲ್ಲಮೆಲ್ಲನೆ ಹೆಚ್ಚಿಸುವುದು ಒಂದು ಮಾರ್ಗ. ತಪ್ಪಿಸಿಕೊಳ್ಳಲಾಗದಂತೆ ಕಟ್ಟಿ, ಭಯದಲ್ಲಿ ಮುಳುಗಿಸಿಬಿಡುವುದು ಇನ್ನೊಂದು. ಎರಡನೆಯದರಿಂದಲೂ ಕುದುರೆ ಅಲುಗದೆ ನಿಲ್ಲಬಹುದು. ಆದರೆ ಒಳಗಿನ ಭಯವು ಹಾಗೆಯೇ ಉಳಿದು, ಎಣಿಸದ ಹೊತ್ತಿನಲ್ಲಿ ಸಿಡಿಯುತ್ತದೆ. ಕುದುರೆಯನ್ನು ಕೋಪದಿಂದ ಮುಟ್ಟಬಾರದೆಂದೂ, ಅದು ಬೆದರುವ ವಸ್ತುವಿನ ಬಳಿಗೆ ಹೊಡೆಯದೆ ಮೆಲ್ಲನೆ ಕರೆದೊಯ್ಯಬೇಕೆಂದೂ ಗ್ರೀಸ್ ದೇಶದ ಕ್ಸೆನೊಫೋನನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಜಂಬೂಸವಾರಿಗೆ ಮುಂಚಿನ ದಿನಗಳಲ್ಲಿ ಮೈಸೂರಿನಲ್ಲಿ ಆನೆಗಳಿಗೂ ಕುದುರೆಗಳಿಗೂ ಕುಶಾಲತೋಪಿನ ಸದ್ದನ್ನು ಅಭ್ಯಾಸಮಾಡಿಸುವ ತಾಲೀಮು ನಡೆಯುವುದನ್ನು ನೀವು ಬಲ್ಲಿರಿ. ಮೊದಲ ದಿನ ಬೆದರಿದ ಪ್ರಾಣಿ ವಿಜಯದಶಮಿಯ ದಿನ ಕಿವಿಯನ್ನೂ ತಿರುಗಿಸದೆ ನಿಲ್ಲುವುದು ಆ ತಾಲೀಮಿನ ಫಲವಲ್ಲವೆ?

ನಮ್ಮ ಹೆಣ್ಣುಗುದುರೆಗೆ ನಲವತ್ತು ದಿನ ಹಿಡಿಯಿತು. ಮಂಡಿಯ ಗಾಯ ಮಾಯ್ದು, ಆ ಎಡೆಯಲ್ಲಿ ಬಿಳಿಯ ಕೂದಲು ಬಂದಿತು. ಅದು ಕಡೆಯವರೆಗೂ ಹೋಗಲಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ನನ್ನ ಹತ್ತು ನಿಮಿಷದ ಚಾತುರ್ಯವು ನೆನಪಾಗುತ್ತಿತ್ತು. ಕುದುರೆಯನ್ನು ಮಾರುವ ಮಾತು ಮತ್ತೆ ಏಳಲಿಲ್ಲ.

ಒಂದು ವರ್ಷ ಕಳೆದಮೇಲೆ, ಮಳೆಗಾಲದ ಒಂದು ಸಂಜೆ, ಆ ಕುದುರೆಯು ತಂತಿಬೇಲಿಗೆ ಸಿಕ್ಕಿ ಹಿಂಗಾಲನ್ನು ಕೊಯ್ದುಕೊಂಡಿತು. ರಕ್ತವು ಸುರಿಯುತ್ತಿತ್ತು. ಪಶುವೈದ್ಯರು ಬರುವವರೆಗೆ ಗಾಯವನ್ನು ಬಿಗಿಯಾಗಿ ಕಟ್ಟಿಡಬೇಕಾಗಿತ್ತು. ಸಯೀಸನು ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ತಾನು ಹಗ್ಗ ಹಿಡಿದುಕೊಂಡ. ನಾನು ಹೆಗಲನ್ನು ಕೆರೆದು, ಬೆನ್ನಿನಮೇಲೆ ಕೈಯಾಡಿಸುತ್ತ ಹಿಂದಕ್ಕೆ ಸರಿದು, ಕಾಲಿನ ಬಳಿ ಬಾಗಿದೆ. ಚರ್ಮ ಒಮ್ಮೆ ನಡುಗಿತು. ನಾನು ನಿಂತೆ. ಕುದುರೆಯು ಕತ್ತನ್ನು ತಿರುಗಿಸಿ ನನ್ನನ್ನು ನೋಡಿತು, ದೀರ್ಘವಾದ ಒಂದು ಉಸಿರು ಬಿಟ್ಟಿತು, ತಲೆಯನ್ನು ತಗ್ಗಿಸಿತು. ಪಟ್ಟಿಯನ್ನು ಕಟ್ಟಿ ಮುಗಿಸುವವರೆಗೂ ಅದು ಕಾಲನ್ನು ಅಲುಗಿಸಲಿಲ್ಲ.

ಅದು ಶಿಲೆಯಂತೆ ನಿಂತದ್ದನ್ನೂ ನಾನು ಕಂಡಿದ್ದೆ, ಹೀಗೆ ನಿಂತದ್ದನ್ನೂ ಕಂಡೆ. ನೋಡುವವರಿಗೆ ಎರಡೂ ಒಂದೇ ನಿಲುವು. ಮೊದಲನೆಯದನ್ನು ಹತ್ತು ನಿಮಿಷದಲ್ಲಿ ಪಡೆದಿದ್ದೆ. ಎರಡನೆಯದಕ್ಕೆ ನಲವತ್ತು ದಿನ ಬೇಕಾಯಿತು. ತಾಳಿದವನು ಬಾಳಿಯಾನೆಂಬ ನಮ್ಮ ಗಾದೆಯನ್ನು ಕುದುರೆಯ ಲಾಯದಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು: ಅಲ್ಲಿ ತಾಳಿದವನ ಜೊತೆಗೆ ಅವನ ಕುದುರೆಯೂ ಬಾಳುತ್ತದೆ.